ಕೂಸು ಬಡವಾದುದರ ಹೊಣೆ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಇಬ್ಬರ ಹಗೆಯಲ್ಲಿ ಮೂರನೆಯವರು ನೊಂದಾಗಲೆಲ್ಲ ಕನ್ನಡಿಗರ ಬಾಯಿಗೆ ಬರುತ್ತದೆ. ಪ್ರೀತಿಸಿದ ಹುಡುಗ ಹುಡುಗಿ ಪ್ರಾಣ ಕಳೆದುಕೊಂಡ ಸುದ್ದಿ ಬಂದಾಗ ಮೊದಲು ಆ ಜೋಡಿಯ ಆತುರವನ್ನು, ಆಮೇಲೆ ಮೊಬೈಲನ್ನು, ಸಿನಿಮಾವನ್ನು, ಗುಟ್ಟಾಗಿ ಮದುವೆ ಮಾಡಿಸಿದ ಗೆಳೆಯರನ್ನು ದೂರಿ, ಹಿರಿಯರ ಪಾಲನ್ನು ಮಾತ್ರ ಹೆತ್ತ ಕರುಳಿನ ಸಂಕಟವೆಂದು ಬದಿಗಿಡುವ ಪರಿಪಾಠ ಬೆಳೆದಿರುವುದರಿಂದ ಈ ಗಾದೆಯನ್ನು ಮತ್ತೆ ಬಿಡಿಸಿ ನೋಡಬೇಕಾಗಿದೆ. ಅದಕ್ಕೆ ಶೇಕ್ಸ್‌ಪಿಯರನ 'ರೋಮಿಯೋ ಅಂಡ್ ಜೂಲಿಯೆಟ್' ತಕ್ಕ ನಿದರ್ಶನ. 1597ರಲ್ಲಿ ಮೊದಲು ಅಚ್ಚಾದ ಈ ದುರಂತ ನಾಟಕದಲ್ಲಿ ವೆರೋನಾ ನಗರದ ಎರಡು ಮನೆತನಗಳ ಹಗೆಗೆ, ಪರಸ್ಪರ ಪ್ರೀತಿಸಿದ ಎರಡೂ ಮನೆಯ ಮಕ್ಕಳಾದ ರೋಮಿಯೋ ಮತ್ತು ಜೂಲಿಯೆಟ್ ಬಲಿಯಾಗುತ್ತಾರೆ.

ಗಾದೆಯನ್ನು ಬರಿಯ ಮರುಕದ ಮಾತೆಂದು ತಿಳಿಯುವವರಿದ್ದಾರೆ. ದಂಪತಿಗಳಿಗೆ ಹೇಳಿದ ಬುದ್ಧಿವಾದವೆಂದು ಮುಗಿಸುವವರೂ ಇದ್ದಾರೆ. ಎರಡೂ ಅರ್ಥಗಳು ಮೇಲುಮೇಲಿನವು. ಗಾದೆಯ ಕೂಸನ್ನು ಹೊಡೆದವರು ಯಾರೂ ಇಲ್ಲ. ಉಣಿಸಬೇಕಾದವರು ಉಣಿಸುವ ಹೊತ್ತಿನಲ್ಲಿ ಜಗಳದಲ್ಲಿ ಮುಳುಗಿದ್ದರು, ಅದರಿಂದ ಕೂಸು ಸೊರಗಿತು. ಆದ್ದರಿಂದ ಕೇಡಿನ ಹೊಣೆಯನ್ನು ಕೊನೆಯ ಏಟು ಕೊಟ್ಟವನಲ್ಲಿ ಮಾತ್ರ ಹುಡುಕದೆ, ಕಾಯುವ ಅಧಿಕಾರವಿದ್ದೂ ಕಾಯದೆ ಹೋದವರಲ್ಲಿ ಮೊದಲು ಹುಡುಕಬೇಕೆಂಬುದೇ ಗಾದೆಯ ನಿಜವಾದ ತೀರ್ಪು.

ನಾಟಕದ ಸಾವುಗಳಿಗೆ ಪ್ರೇಮಿಗಳನ್ನೇ ದೂರುವ ವಾದ ನಾಟಕಕ್ಕಿಂತ ಹಳೆಯದು. ಶೇಕ್ಸ್‌ಪಿಯರನಿಗೆ ಕಥೆ ಒದಗಿಸಿದ ಆರ್ಥರ್ ಬ್ರೂಕ್ 1562ರ ತನ್ನ ಕಾವ್ಯದ ಮುನ್ನುಡಿಯಲ್ಲಿ, ಹೆತ್ತವರ ಮಾತು ಮೀರಿ ಕಾಮಕ್ಕೆ ವಶರಾದವರಿಗೆ ಇದು ತಕ್ಕ ಪಾಠವೆಂದು ಖಂಡಿಸಿದ್ದಾನೆ. ಆದರೆ ಬ್ರೂಕನ ಹದಿನಾರರ ಹುಡುಗಿಯನ್ನು ಶೇಕ್ಸ್‌ಪಿಯರ್ ಇನ್ನೂ ಹದಿನಾಲ್ಕು ತುಂಬದವಳನ್ನಾಗಿ ಮಾಡಿರುವಾಗ, ಆ ವಯಸ್ಸಿನವಳ ಮೇಲೆ ಎರಡು ಮನೆತನಗಳ ಪಾಪ ಹೊರಿಸುವುದು ನ್ಯಾಯವಲ್ಲ. ಎಲ್ಲವೂ ಗ್ರಹಗತಿ ಎನ್ನುವವರು ನಾಟಕದ ಪೀಠಿಕೆಯನ್ನು ಆಧಾರವಾಗಿ ತೋರಿಸುತ್ತಾರೆ. ಅದೇ ಪೀಠಿಕೆ ಮಕ್ಕಳ ಸಾವಿನ ಹೊರತು ಮತ್ತಾವುದರಿಂದಲೂ ತಣಿಯದ ಹೆತ್ತವರ ಕೋಪವನ್ನೂ ಹೆಸರಿಸುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ರೋಮಿಯೋಗೆ ವಿಷ ಮಾರಿದ ಮ್ಯಾಂಟುವಾದ ಬಡ ಔಷಧಿ ವ್ಯಾಪಾರಿಯನ್ನು ಹಿಡಿಯುವುದಂತೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಇವುಗಳಲ್ಲೆಲ್ಲ ಗಟ್ಟಿಯಾದುದು ಫ್ರಯರ್ ಲಾರೆನ್ಸ್, ಎಂದರೆ ಗುಟ್ಟಾಗಿ ಮದುವೆ ಮಾಡಿಸಿದ ಕ್ರೈಸ್ತ ಸನ್ಯಾಸಿ, ಹೊಣೆಗಾರನೆಂಬ ವಾದ. ಜೂಲಿಯೆಟ್‌ಳಿಗೆ ನಲವತ್ತೆರಡು ಗಂಟೆ ಸತ್ತಂತೆ ಮಲಗಿಸುವ ಔಷಧಿ ಕೊಟ್ಟವನು ಅವನೇ. ಆ ಉಪಾಯವನ್ನು ತಿಳಿಸುವ ಪತ್ರವನ್ನು ರೋಮಿಯೋಗೆ ಒಯ್ಯಬೇಕಾದವನು ಪ್ಲೇಗಿನ ಶಂಕೆಯಿಂದ ಮುಚ್ಚಿದ ಮನೆಯಲ್ಲಿ ಸಿಕ್ಕಿಬಿದ್ದಾಗ ಮತ್ತೊಂದು ದಾರಿ ಇಟ್ಟುಕೊಂಡಿರದವನೂ ಅವನೇ. ಕಾವಲಿನವರ ಸದ್ದಿಗೆ ಹೆದರಿ ಜೂಲಿಯೆಟ್‌ಳನ್ನು ಸಮಾಧಿಯಲ್ಲಿ ಒಂಟಿಯಾಗಿ ಬಿಟ್ಟು ಹೋದವನೂ ಅವನೇ. ಈ ತಪ್ಪುಗಳನ್ನು ಮನ್ನಿಸಬೇಕಾಗಿಲ್ಲ. ಆದರೆ ಮದುವೆಯನ್ನು ಬಹಿರಂಗವಾಗಿ ಮಾಡಿಸುವ ದಾರಿಯನ್ನು ಹಿರಿಯರ ಹಗೆ ಮುಚ್ಚಿದ್ದರಿಂದಲೇ ಗುಟ್ಟು ಬೇಕಾಯಿತು. ಕೊನೆಗೆ ತನ್ನ ತಪ್ಪಿದ್ದರೆ ತನ್ನ ಮುದಿಪ್ರಾಣವನ್ನು ತೆಗೆದುಕೊಳ್ಳಿರೆಂದು ಕಾನೂನಿಗೆ ತಲೆಯೊಡ್ಡಿದವನೂ ಅವನೊಬ್ಬನೇ.

ಹಿರಿಯರ ಕಡೆ ತಿರುಗಿದರೆ ಸಾಕ್ಷ್ಯ ಇನ್ನೂ ಸ್ಪಷ್ಟವಾಗುತ್ತದೆ. ಮನೆತನಗಳ ಹಗೆಗೆ ಕಾರಣವೇನೆಂದು ನಾಟಕ ಎಲ್ಲಿಯೂ ಹೇಳುವುದಿಲ್ಲ. ಜೂಲಿಯೆಟ್‌ಳ ತಂದೆ ಕ್ಯಾಪ್ಯುಲೆಟ್, ತಮ್ಮಂಥ ವಯಸ್ಸಾದವರಿಗೆ ಶಾಂತಿಯಿಂದಿರುವುದು ಕಷ್ಟವಲ್ಲವೆಂದು ಆರಂಭದಲ್ಲಿಯೇ ಒಪ್ಪಿಕೊಳ್ಳುತ್ತಾನೆ. ಔತಣದ ರಾತ್ರಿ ರೋಮಿಯೋವಿನ ದನಿ ಗುರುತಿಸಿ ಕತ್ತಿ ಬೇಡಿದ ತನ್ನ ಬಂಧು ಟಿಬಾಲ್ಟನನ್ನು ಗದರಿಸಿ, ಆ ಹುಡುಗ ಗುಣವಂತನೆಂದು ಊರೇ ಹೊಗಳುತ್ತದೆ, ಸುಮ್ಮನಿರು ಎಂದವನೂ ಇವನೇ. ಒಂದು ಗದರಿಕೆಗೆ ಹಗೆ ಅಂದು ನಿಂತಿತು. ಆ ಗದರಿಕೆಯನ್ನು ಮನೆಯ ಕಟ್ಟಳೆಯನ್ನಾಗಿ ಮಾಡುವ ಶಕ್ತಿ ಅವನಿಗಿತ್ತು, ಮನಸ್ಸಿರಲಿಲ್ಲ. ಮಗಳು ಒಪ್ಪಿದರೆ ಮಾತ್ರ ಮದುವೆ, ಅದಕ್ಕೂ ಎರಡು ಬೇಸಿಗೆ ಕಳೆಯಲಿ ಎಂದಿದ್ದ ಅದೇ ತಂದೆ, ಟಿಬಾಲ್ಟ್ ಸತ್ತ ಮೇಲೆ ಅವಳನ್ನು ಕೇಳದೆಯೇ ಗುರುವಾರಕ್ಕೆ ಬೇರೊಬ್ಬನೊಡನೆ ಮದುವೆ ಗೊತ್ತುಮಾಡಿ, ಒಲ್ಲೆನೆಂದಾಗ ಬೀದಿಯಲ್ಲಿ ಹಸಿದು ಸಾಯಿ ಎಂದು ಬೈದು, ಒಪ್ಪಿದಂತೆ ನಟಿಸಿದ ಕೂಡಲೇ ಮುಹೂರ್ತವನ್ನು ಬುಧವಾರಕ್ಕೆ ಎಳೆಯುತ್ತಾನೆ. ಸನ್ಯಾಸಿಯ ಪತ್ರ ತಲುಪಲು ಇದ್ದ ಕಾಲದಲ್ಲಿ ಒಂದು ದಿನ ಕಳೆದುಹೋದದ್ದು ಹೀಗೆ. ಭಾನುವಾರ ಕಂಡು ಸೋಮವಾರ ಮದುವೆಯಾದ ಮಕ್ಕಳ ಆತುರವನ್ನು ಎಣಿಸುವವರು ತಂದೆಯ ಈ ಆತುರವನ್ನೂ ಎಣಿಸಬೇಕು. ಅಳುತ್ತ ಮೊರೆಯಿಟ್ಟ ಮಗಳಿಗೆ ತಾಯಿ ಇನ್ನು ನನ್ನೊಡನೆ ಮಾತು ಬೇಡವೆಂದು ಹೊರಟುಹೋಗುತ್ತಾಳೆ. ಗಾದೆಯ ಕೂಸು ಉಣಿಸುವವರಿಲ್ಲದೆ ಉಳಿದ ಗಳಿಗೆ ಇದು.

ನಗರದ ಪ್ರಭುವಿನ ಪಾಲೂ ಕಡಿಮೆಯಲ್ಲ. ಮೂರು ಬೀದಿಕಾಳಗಗಳಾದ ಮೇಲಷ್ಟೇ ಅವನು ಮರಣದಂಡನೆಯ ಎಚ್ಚರಿಕೆ ಕೊಡುತ್ತಾನೆ. ಕೊನೆಯ ದೃಶ್ಯದಲ್ಲಿ, ನಿಮ್ಮ ಕಲಹವನ್ನು ಕಂಡೂ ಕಾಣದಂತಿದ್ದುದಕ್ಕೆ ತಾನೂ ಇಬ್ಬರು ಬಂಧುಗಳನ್ನು ಕಳೆದುಕೊಂಡೆನೆಂದು ಅವನು ತಾನಾಗಿ ಒಪ್ಪಿಕೊಳ್ಳುವುದು ಇಡೀ ನಾಟಕದ ಅತ್ಯಂತ ಪ್ರಾಮಾಣಿಕ ಮಾತು. ಅದೇ ಹೊತ್ತಿಗೆ ಇಬ್ಬರು ತಂದೆಯರು ಸತ್ತ ಮಕ್ಕಳಿಗೆ ಚಿನ್ನದ ಪ್ರತಿಮೆ ಮಾಡಿಸುವ ಮಾತಿನಲ್ಲಿಯೂ ಒಬ್ಬರನ್ನೊಬ್ಬರು ಸರಿಗಟ್ಟುತ್ತಿರುತ್ತಾರೆ.

ಕಂಡೂ ಕಾಣದಂತಿರುವುದು ಅಪರಾಧವೆಂಬ ತಿಳಿವಳಿಕೆ ಭಾರತದ ಕಾನೂನಿಗೂ ಬಂದಿದೆ. ಶಕ್ತಿ ವಾಹಿನಿ ಪ್ರಕರಣದಲ್ಲಿ 2018ರ ಮಾರ್ಚ್ 27ರಂದು ತೀರ್ಪಿತ್ತ ಸುಪ್ರೀಂ ಕೋರ್ಟು, ಪ್ರಾಪ್ತ ವಯಸ್ಕರಿಬ್ಬರು ಒಪ್ಪಿ ಮಾಡಿಕೊಂಡ ಮದುವೆಗೆ ಖಾಪ್ ಪಂಚಾಯಿತಿ, ಅಂದರೆ ಜಾತಿ ಹಿರಿಯರ ಕೂಟ, ಅಡ್ಡಿಪಡಿಸುವುದು ಕಾನೂನುಬಾಹಿರವೆಂದು ಸಾರಿ, ಬೆದರಿಕೆಯಲ್ಲಿರುವ ಜೋಡಿಗಳಿಗೆ ರಕ್ಷಣೆ ಕೊಡದ ಅಧಿಕಾರಿಗಳ ನಡತೆಯನ್ನು ಉದ್ದೇಶಪೂರ್ವಕ ನಿರ್ಲಕ್ಷ್ಯವೆಂದು ಪರಿಗಣಿಸಬೇಕೆಂದಿತು. ಗಾದೆಯ ತೀರ್ಪು ಇದೇ. ಸತ್ತವರ ಆತುರವನ್ನೂ ನೆರವಿಗೆ ನಿಂತ ಗೆಳೆಯರ ಅಚಾತುರ್ಯವನ್ನೂ ವಿಚಾರಿಸಬಹುದು, ಆದರೆ ಆ ವಿಚಾರಣೆ ಎರಡನೆಯದು. ಮನೆಯಲ್ಲಿ, ಜಾತಿಯಲ್ಲಿ, ಠಾಣೆಯಲ್ಲಿ ತಡೆಯುವ ಬಲವಿದ್ದೂ ತಡೆಯದವರ ಹೆಸರು ಮೊದಲು ಬರಬೇಕು. ಅವರನ್ನು ಬಿಟ್ಟು ಉಳಿದವರನ್ನು ದೂರುವಷ್ಟು ಕಾಲವೂ ಮುಂದಿನ ಜೋಡಿಯ ಸಾವಿಗೆ ಸಮಾಜವೇ ಅನುಮತಿ ಕೊಟ್ಟಂತಾಗುತ್ತದೆ.