ನಂದಗಡದ ತೊಟ್ಟಿಲುಗಳು

ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯ ಬಳಿ ಇರುವ ಆಲದ ಮರಕ್ಕೆ ಮಕ್ಕಳಿಲ್ಲದವರು ಹರಕೆ ಹೊತ್ತು ತೊಟ್ಟಿಲು ಕಟ್ಟುತ್ತಾರೆ. 1831ರ ಜನವರಿ 26ರಂದು ಕಂಪನಿ ಸರ್ಕಾರ ಗಲ್ಲಿಗೇರಿಸಿದ ಕಿತ್ತೂರಿನ ದಂಡನಾಯಕನ ಹತ್ತಿರ ಸಂತಾನ ಬೇಡುವುದೇಕೆ? ಅವನಂಥ ಮಗ ಹುಟ್ಟಲಿ ಎಂಬ ಆಸೆ ಸಹಜವೇ. ಆದರೆ ಅವನು ಯಾರಿಗಾಗಿ ಸತ್ತ ಎಂದು ನೆನೆದರೆ, ಮಗನಾಗುವುದು ರಕ್ತದಿಂದಲೋ ಒಪ್ಪಿಕೊಂಡ ಮಾತಿನಿಂದಲೋ ಎಂಬ ಪ್ರಶ್ನೆ ಎದುರು ನಿಲ್ಲುತ್ತದೆ. ಮಾತಿನಿಂದಲೇ ಎಂಬುದಕ್ಕೆ ರಾಯಣ್ಣನ ಬದುಕೇ ಸಾಕ್ಷಿ ಎಂದು ನಾನು ನಂಬುತ್ತೇನೆ.

ಕಿತ್ತೂರಿನ ಜಗಳ ಹುಟ್ಟಿದ್ದೇ ಮಕ್ಕಳಿಲ್ಲದ ಮನೆಯಲ್ಲಿ. 1824ರ ಸೆಪ್ಟೆಂಬರ್‌ನಲ್ಲಿ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡಾಗ, ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತು ಮಗನನ್ನು ವಾರಸುದಾರನೆಂದು ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆಯೇ ಹತನಾದ. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಕಣ್ಮುಚ್ಚಿದರು. ರಾಜ್ಯವಿಲ್ಲ, ರಾಣಿಯಿಲ್ಲ, ಸಂಬಳ ಕೊಡುವವರಿಲ್ಲ. ಸೈನಿಕನೊಬ್ಬ ಕತ್ತಿ ಕೆಳಗಿಟ್ಟಿದ್ದರೆ ಯಾರೂ ಬೈಯುತ್ತಿರಲಿಲ್ಲ. ಕುರುಬರ ಮನೆಯ ರಾಯಣ್ಣ ಮಾತ್ರ ದತ್ತು ಮಗ ಶಿವಲಿಂಗಪ್ಪನನ್ನೇ ಗದ್ದುಗೆಗೆ ತರಬೇಕೆಂದು ಪಡೆ ಕಟ್ಟಿದ, ಸರ್ಕಾರಿ ಕಚೇರಿಗಳನ್ನು ಸುಟ್ಟ, ಖಜಾನೆ ಲೂಟಿ ಮಾಡಿದ, 1830ರ ಏಪ್ರಿಲ್‌ನಲ್ಲಿ ನಾಡವರದೇ ಮೋಸದಿಂದ ಸೆರೆಸಿಕ್ಕ. ಆ ಹುಡುಗ ಅವನ ಕುಲದವನಲ್ಲ. ರಾಜಮನೆತನದ ಹೊಟ್ಟೆಯಲ್ಲಿ ಹುಟ್ಟಿದವನೂ ಅಲ್ಲ. ಆದರೂ ಸಂಸ್ಥಾನ ಅವನನ್ನು ಮಗನೆಂದು ಕರೆದಿತ್ತು, ರಾಯಣ್ಣನಿಗೆ ಅಷ್ಟು ಸಾಕಾಗಿತ್ತು.

ರಾಯಣ್ಣನ ಹೊಲವನ್ನು ಸರ್ಕಾರ ಕಿತ್ತುಕೊಂಡಿತ್ತು, ಆ ಸಿಟ್ಟಿಗೇ ದಂಗೆ ಎದ್ದ ಎನ್ನುವವರಿದ್ದಾರೆ. ಸಿಟ್ಟು ಇದ್ದಿರಲೇಬೇಕು. ಆದರೆ ಬರೀ ಹೊಲದ ಸಲುವಾಗಿ ಹೊಡೆದಾಡುವವನಿಗೆ ಗದ್ದುಗೆಯ ಮೇಲೆ ಯಾರು ಕೂತರೇನು? ಹೆಣ ಬೀಳಿಸಿದವನಲ್ಲಿ ಜೀವ ಬೇಡುವುದು ಅಸಂಗತ ಎಂಬ ಮಾತಿಗೆ ಹೆಚ್ಚು ತೂಕವಿದೆ. ಸುಟ್ಟ ಕಚೇರಿಗಳನ್ನು ಯಾರೂ ಪುಣ್ಯವೆನ್ನಬೇಕಿಲ್ಲ. ಪೂಜ್ಯವಾದದ್ದು ಕತ್ತಿಯಲ್ಲ, ಕೇಳುವವರೇ ಇಲ್ಲದಾಗಲೂ ಉಳಿಸಿಕೊಂಡ ಮಾತು. ಶರಣರ ನಾಡಿನಲ್ಲಿ ಮರಕ್ಕೆ ಹರಕೆಯೇ ಎಂದು ಕೇಳಿದರೆ, ಮರ ಮಗು ಕೊಡುವುದಿಲ್ಲ ಎಂದು ಒಪ್ಪಲೇಬೇಕು. ಆದರೂ ಯಾರ ಮುಂದೆ ತಲೆಬಾಗುತ್ತೇವೋ ಅವರ ನಡೆಗೆ ನಾವು ಬದ್ಧರಾಗುತ್ತೇವೆ.

ಇಕ್ಕಟ್ಟಿರುವುದು ಇಲ್ಲೇ. ಹರಕೆ ಬೇಡುವುದು ಹೊಟ್ಟೆಯಲ್ಲಿ ಹುಟ್ಟುವ ಕೂಸನ್ನು. ಅಲ್ಲಿ ಮಲಗಿದವನು ಮಡಿದದ್ದು ದತ್ತು ಬಂದ ಮಗನಿಗಾಗಿ. ಬೆಳಗಾವಿಯಲ್ಲೂ ರಾಯಣ್ಣ ಯಾರವನು ಎಂದು ಜಗ್ಗಾಡಿದ್ದೇವೆ: 2020ರಲ್ಲಿ ಪೀರನವಾಡಿಯ ಪ್ರತಿಮೆಯ ಗಲಾಟೆ, 2021ರ ಡಿಸೆಂಬರ್‌ನಲ್ಲಿ ಅನಗೋಳದ ಪ್ರತಿಮೆಗೆ ಹಾನಿ. ಅವನು ಯಾರನ್ನು ತನ್ನವನೆಂದ ಎಂಬ ಮಾತು ಆ ಗದ್ದಲದಲ್ಲಿ ಕೇಳಲೇ ಇಲ್ಲ. 1956ರ ಹಿಂದೂ ದತ್ತಕ ಕಾಯ್ದೆ ದತ್ತು ಮಗುವಿಗೆ ಸ್ವಂತ ಮಗುವಿನ ಸ್ಥಾನವನ್ನೇ ಕೊಟ್ಟಿದೆ. ಆದರೂ ಎಷ್ಟೋ ಮನೆಗಳಲ್ಲಿ ದತ್ತು ಎಂದರೆ ಸೋತು ಕೈಚೆಲ್ಲಿದ ಮೇಲಿನ ದಾರಿ. ನಂದಗಡದಲ್ಲಿ ತೊಟ್ಟಿಲು ಕಟ್ಟಿ ಬಂದ ದಂಪತಿ ಮುಂದೆ ಹೆತ್ತವರಿಲ್ಲದ ಕೂಸೊಂದನ್ನು ಮನೆಗೆ ತಂದರೆ, ಹರಕೆ ಫಲಿಸಲಿಲ್ಲ ಎಂದು ನೆರೆಹೊರೆ ಮರುಗಬೇಕಾಗಿಲ್ಲ. ರಾಯಣ್ಣ ಗದ್ದುಗೆಗೆ ತರಲು ಹೊರಟಿದ್ದ ಹುಡುಗನೂ ದತ್ತು ಬಂದು ಮನೆ ಸೇರಿದವನೇ.