ನೀರುಗಂಟಿಯ ನೌಕರಿ ಮತ್ತು ಕೊನೆಯ ರೈತ

ವೇದಾವತಿ ನದಿಗೆ ಅಡ್ಡಲಾಗಿ ಹಿರಿಯೂರು ತಾಲೂಕಿನಲ್ಲಿ ಕಟ್ಟಿದ ಮಾರಿಕಣಿವೆ ಅಣೆಕಟ್ಟಿನ ಕಾಮಗಾರಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ತುಂಬಿ ಹರಿದದ್ದು 89 ವರ್ಷಗಳ ನಂತರ, 2022ರಲ್ಲಿ. ಇಂತಹ ಬರದ ಸೀಮೆಯಲ್ಲಿ ನೀರನ್ನು ಹಂಚುವ ಕೆಲಸ ಸಣ್ಣದಲ್ಲ.

ತೂಬು ತೆಗೆದು ಮುಚ್ಚುವವನನ್ನು ನಮ್ಮ ಹಳ್ಳಿಗಳಲ್ಲಿ ನೀರುಗಂಟಿ ಎನ್ನುತ್ತಾರೆ. ಯಾವುದೋ ಕಾಲುವೆಯ ಮೇಲ್ಭಾಗದ ಪ್ರಭಾವಿ ಜಮೀನುದಾರನೊಬ್ಬ ತನ್ನ ಸರದಿ ಮುಗಿದ ಮೇಲೂ ನೀರು ಬಿಡೆಂದು ಒತ್ತಾಯಿಸಿದನೆಂದು ಭಾವಿಸೋಣ. ‘ಆಗುವುದಿಲ್ಲ’ ಎನ್ನಲು ನೀರುಗಂಟಿಗೆ ಧೈರ್ಯ ಬೇಕು. ‘ನಾಳೆಯಿಂದ ಬರಬೇಡ’ ಎಂಬ ಒಂದು ಮಾತಿಗೆ ಅನ್ನ ಕಳೆದುಕೊಳ್ಳುವ ದಿನಗೂಲಿಯವನಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಅವನು ಬಾಗಿದರೆ ಪೈರು ಒಣಗುವುದು ಕಾಲುವೆಯ ಕೊನೆಯ ರೈತನದು.

ಸರಕಾರಿ ನೌಕರರನ್ನು ಮನಬಂದಂತೆ ತೆಗೆಯಬಾರದೆಂಬ ತತ್ವವನ್ನು ಈ ರೈತನ ಕಡೆಯಿಂದ ನೋಡಬೇಕಾಗಿದೆ. ನೌಕರನಿಗೆ ಸಿಗುವ ಭದ್ರತೆ ಅವನೊಬ್ಬನ ಸೌಲಭ್ಯವಲ್ಲ, ಅವನಿಂದ ನ್ಯಾಯ ನಿರೀಕ್ಷಿಸುವ ಜನರ ಹಕ್ಕೂ ಹೌದು. ಇದು ಸೋಮಾರಿಗಳಿಗೂ ಭ್ರಷ್ಟರಿಗೂ ರಕ್ಷಣೆಯಲ್ಲವೇ ಎಂದು ಕೇಳುವವರಿದ್ದಾರೆ. ಸಂವಿಧಾನದ 311ನೇ ವಿಧಿ ತಪ್ಪಿತಸ್ಥನನ್ನು ವಜಾ ಮಾಡಬೇಡಿ ಎನ್ನುವುದಿಲ್ಲ. ಸಾಮಾನ್ಯವಾಗಿ ವಿಚಾರಣೆ ನಡೆಸಿ, ಅವನ ಮಾತನ್ನೂ ಕೇಳಿ ಎನ್ನುತ್ತದೆ, ಅಷ್ಟೆ.

ಆದರೆ ಈ ರಕ್ಷಣೆ ಸರಕಾರಿ ಹುದ್ದೆಯಲ್ಲಿರುವವರಿಗೆ. ದಿನಗೂಲಿಯವರ ಗತಿಯೇನು? 1985-86ರಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಗೆ ಸೇರಿ ಹತ್ತು ವರ್ಷಕ್ಕೂ ಮೇಲೆ ದುಡಿದವರು ಖಾಯಮಾತಿ ಕೇಳಿದರು. ಉಮಾದೇವಿ ಪ್ರಕರಣವೆಂದೇ ಹೆಸರಾದ ಈ ವಿವಾದದಲ್ಲಿ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ನೇಮಕಾತಿ ನಿಯಮ ಮೀರಿ ಬಂದವರಿಗೆ ಖಾಯಮಾತಿಯ ಹಕ್ಕಿಲ್ಲವೆಂದಿತು. ಮಂಜೂರಾದ ಹುದ್ದೆಯಲ್ಲಿ ಕೋರ್ಟಿನ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ದುಡಿದ ಅರ್ಹರನ್ನು ಮಾತ್ರ ಒಂದು ಬಾರಿಗೆ ಪರಿಗಣಿಸಲು ಹೇಳಿತು.

ಈ ತೀರ್ಪಿನ ಹಿಂದಿನ ಕಳಕಳಿಯನ್ನು ತಳ್ಳಿಹಾಕುವಂತಿಲ್ಲ. ಪರಿಚಯದ ಬಲವಿಲ್ಲದೆ, ಅರ್ಜಿ ಹಾಕುವ ಅವಕಾಶಕ್ಕಾಗಿ ಕಾಯುತ್ತಿರುವ ಬಡ ಪದವೀಧರನೂ ನಮ್ಮವನೇ. ಹಿಂಬಾಗಿಲು ತೆರೆದಿಟ್ಟರೆ ಅವನಿಗೆ ಅನ್ಯಾಯವಾಗುತ್ತದೆ. ಆದರೆ ಆ ಬಾಗಿಲು ತೆರೆದವರು ಯಾರು? ಹುದ್ದೆ ತುಂಬದೆ, ಕೂಲಿ ಕೊಟ್ಟು ವರ್ಷಗಟ್ಟಲೆ ದುಡಿಸಿಕೊಂಡದ್ದು ಇಲಾಖೆ. ತಪ್ಪು ಅದರದು, ಶಿಕ್ಷೆ ಕೂಲಿಯವನಿಗೆ. ಕಾರ್ಮಿಕರನ್ನು ಕಾಯಬೇಕಾದ ಸರಕಾರವೇ ಹೀಗೆ ಮಾಡಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಲ್ಲವೇ?

ಕೇಂದ್ರ ಜಲ ಆಯೋಗದಲ್ಲಿ ದಶಕಗಳ ಕಾಲ ಗುಡಿಸಿ, ಗಿಡ ನೋಡಿಕೊಂಡವರನ್ನು 2018ರಲ್ಲಿ ಹಠಾತ್ತನೆ ಕೆಲಸದಿಂದ ತೆಗೆಯಲಾಯಿತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ತೆಗೆದುಕೊಂಡು ಖಾಯಂಗೊಳಿಸಲು ಆದೇಶಿಸಿತು. ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧವಾಗಿ ಬಳಸಬಾರದೆಂದು ಎಚ್ಚರಿಸಿತು.

ನಿರಂತರವಾಗಿ ಬೇಕಾದ ಕೆಲಸಕ್ಕೆ ಖಾಯಂ ಹುದ್ದೆ ಇರಲಿ. ಅದನ್ನು ಎಲ್ಲರೆದುರು, ಎಲ್ಲರಿಗೂ ಅವಕಾಶ ಕೊಟ್ಟು ತುಂಬಲಿ. ಈಗಾಗಲೇ ದುಡಿದು ಸವೆದವರ ಸೇವೆಗೆ ಆ ಆಯ್ಕೆಯಲ್ಲಿ ಬೆಲೆ ಸಿಗಲಿ. ತಪ್ಪು ಮಾಡಿದವನಿಗೆ ವಿಚಾರಣೆಯ ನಂತರ ಶಿಕ್ಷೆಯಾಗಲಿ. ಹಾಗಾದಾಗ ನೀರುಗಂಟಿ ಯಾರ ಮುಖವನ್ನೂ ನೋಡದೆ ತೂಬು ಮುಚ್ಚಬಲ್ಲ. ಕೊನೆಯ ರೈತನ ಹೊಲಕ್ಕೂ ನೀರು ತಲುಪುತ್ತದೆ.