ವಾದ ಯಾರ ಕಿವಿಗೆ?

ಚುನಾವಣೆ ಬಂದಾಗಲೆಲ್ಲ ಓದಿದವರ ಬಾಯಲ್ಲಿ ಒಂದು ಮಾತು ಓಡಾಡುತ್ತದೆ: ‘ಜನ ಯೋಚಿಸಿ ಓಟು ಹಾಕುವುದಿಲ್ಲ, ವಾದ ಮಾಡಿ ಗಂಟಲು ಹರಿದುಕೊಳ್ಳಬೇಡಿ.’ ಈ ಮಾತಿನೊಳಗಿನ ಜಂಬ ಕಿರಿಕಿರಿ ಹುಟ್ಟಿಸುತ್ತದೆ. ಯೋಚಿಸದ ಆ ಜನರ ಲೆಕ್ಕದಲ್ಲಿ ಹೇಳುವವರು ತಮ್ಮನ್ನೆಂದೂ ಸೇರಿಸಿಕೊಂಡಿರುವುದಿಲ್ಲ.

ಮುಕ್ತ ಸಂವಾದದಿಂದ ಒಮ್ಮತ ಮೂಡೀತೆಂಬ ಜರ್ಮನ್ ಚಿಂತಕ ಹಾಬರ್ಮಾಸ್ ಪರಂಪರೆಗೆ ಒಂದು ನಮಸ್ಕಾರ ಸಾಕು. ಅದು ಗೌರವಾರ್ಹ, ಆದರೆ ನೀರಸ. ಗುದ್ದಾಡಬೇಕಾದ್ದು ಅಮೆರಿಕದ ಮನೋವಿಜ್ಞಾನಿ ಜೊನಾಥನ್ ಹೈಟ್ ಜೊತೆ. 2012ರ ‘ದ ರೈಚಸ್ ಮೈಂಡ್’ ಪುಸ್ತಕದಲ್ಲಿ ಅವರು ಮನಸ್ಸಿನ ಒಲವನ್ನು ಆನೆಯೆಂದೂ ವಿವೇಚನೆಯನ್ನು ಅದರ ಮೇಲಿನ ಸವಾರನೆಂದೂ ಕರೆಯುತ್ತಾರೆ. ಆನೆ ಹೊರಟ ದಿಕ್ಕಿಗೆ ಸಬೂಬು ಹುಡುಕುವುದೇ ಸವಾರನ ಮುಖ್ಯ ಕಸುಬು.

ಮೈಸೂರಿನಲ್ಲಿ ದಸರಾ ತಾಲೀಮು ನೋಡಿದವರಿಗೆ ಈ ಉಪಮೆ ಬೇರೆಯೇ ಕಥೆ ಹೇಳುತ್ತದೆ. ಅಲ್ಲಿ ಆನೆಗೆ ವಾರಗಟ್ಟಲೆ ಮರಳು ಮೂಟೆ ಹೊರಿಸಿ ನಡೆಸುತ್ತಾರೆ, ಫಿರಂಗಿಯ ಸದ್ದಿಗೆ ಒಗ್ಗಿಸುತ್ತಾರೆ. ಹೊಸ ಆನೆಯ ಜೊತೆಗೆ ಪಳಗಿದ ಆನೆ ಹೆಜ್ಜೆ ಹಾಕುತ್ತದೆ. ಹೈಟ್ ಇದನ್ನು ಪೂರ್ತಿ ಅಲ್ಲಗಳೆಯಲಾರರು. ಒಬ್ಬನೇ ಕೂತು ಯೋಚಿಸಿ ಮನಸ್ಸು ಬದಲಿಸುವವರು ವಿರಳ, ಬದಲಾದರೆ ಅದು ಇನ್ನೊಬ್ಬರ ಮಾತಿನಿಂದ ಎಂಬುದು ಅವರದೇ ನಿಲುವು.

ಇಷ್ಟು ಬಿಟ್ಟುಕೊಟ್ಟ ಮೇಲೆ 1936ರ ಲಾಹೋರ್ ಪ್ರಕರಣವನ್ನು ಅವರ ಮುಂದಿಡಬಹುದು. ಜಾತಿ ಒಡೆಯಲೆಂದೇ ಹುಟ್ಟಿದ ಜಾತ್-ಪಾತ್ ತೋಡಕ್ ಮಂಡಲ ಅಂಬೇಡ್ಕರರನ್ನು ತನ್ನ ಸಮ್ಮೇಳನದ ಅಧ್ಯಕ್ಷತೆಗೆ ಕರೆದು, ಭಾಷಣದ ಪ್ರತಿ ಓದಿದ ಮೇಲೆ ಹಿಂದೆ ಸರಿಯಿತು. ಅಂಬೇಡ್ಕರ್ ಅದನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. 1500 ಪ್ರತಿಗಳು ಎರಡು ತಿಂಗಳಲ್ಲಿ ಮುಗಿದವು. ಗಾಂಧಿ ‘ಹರಿಜನ’ ಪತ್ರಿಕೆಯಲ್ಲಿ ಆಕ್ಷೇಪಿಸಿದರು, ಅಂಬೇಡ್ಕರ್ ಮರುತ್ತರ ಕೊಟ್ಟರು, ಯಾರೂ ಸೋಲೊಪ್ಪಲಿಲ್ಲ. ಆದರೆ 1920ರ ದಶಕದ ಆರಂಭದಲ್ಲಿ ಜಾತಿ ಮೀರಿದ ಮದುವೆಗೆ ನಿರ್ಬಂಧವಿರಲಿ ಎಂದಿದ್ದ ಗಾಂಧಿ, 1946ರ ಹೊತ್ತಿಗೆ ವಧೂವರರಲ್ಲಿ ಒಬ್ಬರು ಹರಿಜನರಾಗಿದ್ದರೆ ಮಾತ್ರ ಆಶೀರ್ವಾದ ಎಂಬಲ್ಲಿಗೆ ಬಂದಿದ್ದರು.

ವಾದ ಗೆದ್ದಿತೇ?

ಹೌದೆನ್ನಲು ಆಸೆಯಾಗುತ್ತದೆ. ಆದರೆ ಆ ಅವಧಿಯಲ್ಲೇ 1932ರ ಉಪವಾಸ, ಪುಣೆ ಒಪ್ಪಂದ, ಹರಿಜನ ಯಾತ್ರೆಗಳೂ ಇದ್ದವು; ಯಾವುದು ಎಷ್ಟು ಕೆಲಸ ಮಾಡಿತೆಂದು ಬಿಡಿಸಿ ತೋರಿಸಲಾಗದು. ಸಾಲದ್ದಕ್ಕೆ, ಇಕ್ಕಟ್ಟಿಗೆ ಸಿಕ್ಕಾಗಲಷ್ಟೇ ಮನುಷ್ಯ ನಿಜವಾಗಿ ವಿಚಾರ ಮಾಡುತ್ತಾನೆಂದು ಅಂಬೇಡ್ಕರರೇ ಆ ಭಾಷಣದಲ್ಲಿ ಒಪ್ಪುತ್ತಾರೆ.

ಈ ಲೇಖಕನ ಮನೆಯಲ್ಲೂ ಮೀಸಲಾತಿಯ ಜಗಳ ಊಟದೆಲೆಯ ಮುಂದೆ ವರ್ಷಗಟ್ಟಲೆ ನಡೆದಿದೆ. ಸೋದರಮಾವ ಒಂದಿಂಚೂ ಅಲುಗಲಿಲ್ಲ. ತಿರುಗಿದ್ದು, ಬಡಿಸುತ್ತ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ ಅತ್ತೆ. ಈಗ ಅವರ ಓಟು ಬೇರೆ ಪಕ್ಷಕ್ಕೆ. (ಮಾವ ಪತ್ರಿಕೆ ಓದುವುದಿಲ್ಲ, ಹಾಗಾಗಿ ತೊಂದರೆಯಿಲ್ಲ.) ಸೋದರಳಿಯ ಮುಂದಿಟ್ಟ ಅಂಕಿಅಂಶಗಳು ಅವರನ್ನು ತಿರುಗಿಸಿದವೋ, ಆ ಮನೆಯಲ್ಲಿ ತಮಗೂ ಮಾತಿಗೆ ಜಾಗವಿಲ್ಲವೆಂಬ ಅನುಭವವೋ? ಕೇಳಿದರೆ, ‘ಎರಡೂ ಅಲ್ಲಪ್ಪ, ನಿಮ್ಮಾವ ಕೂಗಾಡ್ತಿದ್ರಲ್ಲ, ಅದು’ ಎನ್ನುತ್ತಾರೆ.

ಹೈಟ್ ಇದನ್ನು ಸಂತೋಷದಿಂದ ತಮ್ಮ ಖಾತೆಗೆ ಬರೆದುಕೊಂಡಾರು. ಆದರೆ ಮಾವ ಕೂಗಾಡಲು ಶುರುಮಾಡುತ್ತಿದ್ದುದು ಉತ್ತರ ತೋಚದೆ ಹೋದಾಗಲೇ. ಅದನ್ನು ಯಾರ ಖಾತೆಗೆ ಬರೆಯುವುದು?